ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಇಲ್ಲ!

ಪ್ರಶ್ನೆ: ನಮ್ಮ ಮನೆ ಬನಶಂಕರಿಯಲ್ಲಿ, ಒಂಬತ್ತನೇ ಮಹಡಿ. ಬಾಲ್ಕನಿಯಿಂದ ಸುತ್ತ ಟವರ್‌ಗಳೇ ಕಾಣುತ್ತವೆ. 5ಜಿ ಕಡ್ಡಿ ಪೂರ್ತಿ. ಆದರೂ ಸಂಜೆ ವಿಡಿಯೋ ಕಾಲ್ ತಡವರಿಸುತ್ತದೆ. ಕೆಳಗೆ ಬೇಕರಿ ಹತ್ತಿರ ನಿಂತರೆ ಸರಿಹೋಗುತ್ತದೆ! ಈಗ ಒಂದೊಂದು ಟವರ್‌ಗೂ ಹತ್ತಾರು ಆಂಟೆನಾ ಅಂತೀರಲ್ಲ ಸಾರ್, ಮತ್ತೆ ಯಾಕೆ ಹೀಗೆ?
– ಓದುಗರೊಬ್ಬರು, ಬನಶಂಕರಿ

ಉತ್ತರ: ಟವರ್‌ಗಳು ಕಾಣುವುದೇ ತೊಂದರೆ ಸ್ವಾಮಿ.

ಕಡ್ಡಿ ಹೆಚ್ಚಾಗಿ ಹೇಳುವುದು ಸಿಗ್ನಲ್ ಎಷ್ಟು ಜೋರಾಗಿದೆ ಅಂತ. ಎಷ್ಟು ಸ್ಪಷ್ಟ ಅಂತಲ್ಲ. ಒಂದೇ ಕಂಪನಿಯ ಅಕ್ಕಪಕ್ಕದ ಟವರ್‌ಗಳು ಸಾಮಾನ್ಯವಾಗಿ ಒಂದೇ ಫ್ರೀಕ್ವೆನ್ಸಿ ಬಳಸುತ್ತವೆ. ರಸ್ತೆಯಲ್ಲಿ ನಿಂತಾಗ ಕಟ್ಟಡಗಳು ದೂರದ ಟವರ್‌ಗಳಿಗೆ ಅಡ್ಡ ಬರುತ್ತವೆ. ನಿಮ್ಮ ಮಹಡಿಯಲ್ಲಿ ಆ ಮರೆ ಇಲ್ಲ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನವರೆಲ್ಲ ಒಟ್ಟಿಗೆ ಕೂಗಿದ ಹಾಗೆ: ದನಿಗೇನೂ ಬರವಿಲ್ಲ, ರೇಟು ಮಾತ್ರ ತಿಳಿಯುವುದಿಲ್ಲ. ಸಂಜೆ ಬಳಸುವವರೂ ಜಾಸ್ತಿ.

ಇನ್ನು ಆಂಟೆನಾ ವಿಷಯ. 5ಜಿಗೆ ಬಳಸುವ 3.5 ಗಿಗಾಹರ್ಟ್ಸ್ ಅಲೆಯ ಉದ್ದ ಎಂಟೂವರೆ ಸೆಂಟಿಮೀಟರ್ ಅಷ್ಟೇ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಅಷ್ಟೊಂದು ಆಂಟೆನಾ ಕೂರಿಸಬಹುದು. ಪ್ರತಿಯೊಂದರ ಅಲೆಯನ್ನು ಚೂರು ಹಿಂದೆಮುಂದೆ ಮಾಡಿದರೆ, ನಿಮ್ಮ ಫೋನಿನ ಹತ್ತಿರ ಅವು ಕೂಡಿಕೊಳ್ಳುತ್ತವೆ. ಪಕ್ಕದ ಮನೆಯವರ ಫೋನಿನ ಹತ್ತಿರ ಒಂದನ್ನೊಂದು ಅಳಿಸಿಹಾಕುತ್ತವೆ. ಚೆನ್ನಾದ ಉಪಾಯ, ಅಲ್ವಾ?

ಆದರೆ ಫೋನ್ ಎಲ್ಲಿದೆ, ಅಲೆ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದು ಟವರ್‌ಗೆ ಗೊತ್ತಾಗಬೇಕು. ಅದಕ್ಕೆ ಫೋನ್ ಆಗಾಗ ಒಂದು ಗುರುತಿನ ಸಿಗ್ನಲ್ ಕಳಿಸುತ್ತದೆ. ಪೈಲಟ್ ಅನ್ನುತ್ತಾರೆ. ಇಂಥ ಗುರುತುಗಳು ಬೇಕಾದಷ್ಟಿಲ್ಲ. ಪಕ್ಕದ ಟವರ್‌ನ ಯಾವುದೋ ಫೋನ್ ಅದೇ ಗುರುತು ಕಳಿಸಿದರೆ ಎರಡೂ ಬೆರೆತುಹೋಗುತ್ತವೆ. ನಿಮಗೆ ಕಳಿಸಿದ್ದರಲ್ಲಿ ಒಂದಿಷ್ಟು ಅತ್ತ ಹೋಗುತ್ತದೆ. ಸರಳ ವಿಧಾನದಲ್ಲಿ ಆಂಟೆನಾ ಎಷ್ಟೇ ಹೆಚ್ಚಿಸಿದರೂ ಈ ಕಲಬೆರಕೆ ಹೋಗುವುದಿಲ್ಲ ಎಂದು ವಿಜ್ಞಾನಿ ಥಾಮಸ್ ಮಾರ್ಜೆಟ್ಟಾ 2010ರಲ್ಲೇ ತೋರಿಸಿದ್ದರು. ಬಿಡಿಸುವ ಲೆಕ್ಕಗಳು ಆಮೇಲೆ ಬಂದಿವೆ, ಆದರೆ ಅವಕ್ಕೆ ಪ್ರತಿ ಫೋನಿನ ಬಗ್ಗೆ ಇನ್ನೂ ಹೆಚ್ಚಿನ ವಿವರ ಬೇಕು.

ಈಗ ನೀವು ಮಾಡಬೇಕಾದ್ದು. ಸಿಗ್ನಲ್ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಎಸ್‌ಐಎನ್‌ಆರ್ ಅಂಕೆ ನೋಡಿ, ಅಂದರೆ ಗದ್ದಲಕ್ಕಿಂತ ನಿಮ್ಮ ಸಿಗ್ನಲ್ ಎಷ್ಟು ಜೋರು ಅನ್ನುವ ಲೆಕ್ಕ. 20 ಡೆಸಿಬೆಲ್ ಮೇಲಿದ್ದರೆ ಚೆನ್ನ. ಸೊನ್ನೆಯ ಆಸುಪಾಸಿದ್ದರೆ ಬರೀ ಗದ್ದಲ. ಬಾಲ್ಕನಿ ಬಿಟ್ಟು, ಒಂದೇ ದಿಕ್ಕಿಗೆ ಕಿಟಕಿಯಿರುವ ಕೋಣೆಯಲ್ಲಿ ಕೂತು ನೋಡಿ. ಕಡ್ಡಿ ಒಂದು ಕಡಿಮೆಯಾಗಿ ಕಾಲ್ ಸುಧಾರಿಸಬಹುದು.

ಕಂಪನಿಗೆ ದೂರು ಕೊಡುವಾಗ ಸುಮ್ನೆ 'ಸಿಗ್ನಲ್ ಸರಿಯಿಲ್ಲ' ಅನ್ನಬೇಡಿ. ಮಹಡಿ, ಹೊತ್ತು, ಆ ಅಂಕೆ ಬರೆಯಿರಿ. ನಾನು ಟವರ್ ಹೊಂದಿಸುವ ಕೆಲಸದಲ್ಲಿದ್ದಾಗ ಇಂಥ ದೂರುಗಳಲ್ಲಿ ಮೊದಲು ನೋಡುತ್ತಿದ್ದುದು ದೂರದ ಟವರ್‌ನ ಆಂಟೆನಾ ಎಷ್ಟು ಕೆಳಗೆ ಬಾಗಿದೆ ಅಂತ; ಸಾಕಷ್ಟು ಬಾಗದಿದ್ದರೆ ಅದರ ಸಿಗ್ನಲ್ ನಿಮ್ಮ ಮಹಡಿವರೆಗೂ ಬಂದು ಗದ್ದಲ ಮಾಡುತ್ತದೆ. ವಿವರ ಕೊಡದಿದ್ದರೆ ಹತ್ತಿರದ ಟವರ್‌ನ ಪವರ್ ಏರಿಸಿ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಎದುರು ಬೀದಿಯವರ ಪತ್ರ ನನಗೆ ಬರುತ್ತದೆ.