ಚೈನ್ ಎಷ್ಟು ಲೂಸ್ ಇರಬೇಕು ಅಂತ ಗೆಳೆಯರನ್ನು ಕೇಳಬೇಡಿ

ಜೊತೆಗೆ ರೈಡ್ ಹೋಗುವವರು ಬೈಕ್ ಸರ್ವಿಸ್ ಹೇಳಿಕೊಡುತ್ತೇವೆ ಅಂದಿದ್ದಾರೆ, ಯಾವ ಟೂಲ್ ಕಿಟ್ ಕೊಳ್ಳಲಿ, ಖರ್ಚು ಎಷ್ಟು ಉಳಿಯುತ್ತದೆ ಅಂತ ಕೇಳಿದ್ದೀರಿ. ಟೂಲ್ ಕಿಟ್ ಮಾತು ಆಮೇಲೆ. ನಾನೂ ಇದೇ ಲೆಕ್ಕ ಹಾಕಿಕೊಂಡು ಶುರು ಮಾಡಿದವನು. ಉಳಿಸಿದ್ದೆಲ್ಲ ಒಂದು ಚೈನಿನ ದೆಸೆಯಿಂದ ಹೋಯಿತು. ಸಾಲದ್ದಕ್ಕೆ ಕೈಯಿಂದ ಇನ್ನಷ್ಟು ಹಾಕಬೇಕಾಯಿತು.

ಆಗ ನನ್ನ ಹತ್ತಿರ ಇದ್ದದ್ದು ಎತ್ತರದ ಬೈಕ್. ಕೆಟ್ಟ ರಸ್ತೆಗೆ ಅಂತಲೇ ಮಾಡಿದ್ದು, ಹಿಂದಿನ ಸಸ್ಪೆನ್ಷನ್ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ. ಆಯಿಲ್ ಬದಲಿಸುವುದು, ಏರ್ ಫಿಲ್ಟರ್ ತೊಳೆಯುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು, ಇಷ್ಟನ್ನು ಗೆಳೆಯರ ಜೊತೆ ಕೂತು ಕಲಿತಾಗಿತ್ತು. ಧೈರ್ಯ ಬಂದಿತ್ತು. ಒಂದು ದಿನ ಚೈನ್ ಸ್ವಿಂಗ್ ಆರ್ಮಿಗೆ, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳಿಗೆ, ಬಡಿದು ಟಪಟಪ ಅನ್ನುತ್ತಿರುವುದು ಕೇಳಿಸಿತು. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುವ ಗೆಳೆಯ ಬಂದು ನೋಡಿದ. ಬೆರಳಲ್ಲಿ ಚೈನ್ ಎತ್ತಿ ಇಳಿಸಿ, 'ಅಯ್ಯೋ, ಇಷ್ಟು ಲೂಸಾ? ಎರಡು ಸೆಂಟಿಮೀಟರ್ ಆಡಿದರೆ ಸಾಕು' ಅಂದ. ಬೈಕ್ ಸೆಂಟರ್ ಸ್ಟ್ಯಾಂಡ್ ಮೇಲಿತ್ತು, ಹಿಂದಿನ ಚಕ್ರ ಗಾಳಿಯಲ್ಲಿ. ಆಕ್ಸಲ್ (ಚಕ್ರದ ಅಚ್ಚು) ನಟ್ ಸಡಿಲ ಮಾಡಿ, ಚೈನ್ ಬಿಗಿ ಮಾಡುವ ಎರಡೂ ಕಡೆಯ ಅಡ್ಜಸ್ಟರ್ ಸಮವಾಗಿ ತಿರುಗಿಸಿ, ಅವನು ಹೇಳಿದಷ್ಟಕ್ಕೆ ತಂದೆವು. ಸದ್ದು ನಿಂತೇ ಹೋಯಿತು. ಎಲ್ಲರಿಗೂ ಖುಷಿ.

ಅವನ ಬೈಕಿಗೆ ಆ ಎರಡು ಸೆಂಟಿಮೀಟರ್ ಸರಿಯಾಗಿಯೇ ಇತ್ತು. ಅವನದು ತಗ್ಗಿನ, ಗಟ್ಟಿ ಸಸ್ಪೆನ್ಷನ್ನಿನ ಸ್ಪೋರ್ಟ್ಸ್ ಬೈಕ್. ನನ್ನದಕ್ಕೆ ಕಂಪನಿಯವರು ಕೊಟ್ಟಿದ್ದ ಅಳತೆ ಅದರ ಹತ್ತಿರ ಹತ್ತಿರ ಎರಡರಷ್ಟು. ಅದು ಸೀಟಿನ ಕೆಳಗಿದ್ದ ಪುಸ್ತಕದಲ್ಲೇ ಇತ್ತು. ತೆಗೆದು ನೋಡಲಿಲ್ಲ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಆಗ ಯಾರೂ ಹೇಳಲಿಲ್ಲ. ಎಂಜಿನ್ ಹತ್ತಿರದ ಚಿಕ್ಕ ಸ್ಪ್ರಾಕೆಟ್ (ಚೈನ್ ಹಾಯುವ ಹಲ್ಲಿನ ಚಕ್ರ) ಒಂದು ಕಡೆ ಇದೆ. ಸ್ವಿಂಗ್ ಆರ್ಮ್ ತಿರುಗುವ ಬೋಲ್ಟ್ ಅದರ ಹಿಂದೆ, ಬೇರೆ ಜಾಗದಲ್ಲಿದೆ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವುದು ಆ ಬೋಲ್ಟಿನ ಸುತ್ತ, ಸ್ಪ್ರಾಕೆಟ್ಟಿನ ಸುತ್ತ ಅಲ್ಲ. ಹಾಗಾಗಿ ಚಕ್ರ ಮೇಲೇರಿದಂತೆ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಬದಲಾಗುತ್ತದೆ. ಸ್ಪ್ರಾಕೆಟ್, ಆ ಬೋಲ್ಟ್, ಹಿಂದಿನ ಆಕ್ಸಲ್, ಮೂರೂ ಒಂದೇ ಗೆರೆಯಲ್ಲಿ ಬಂದಾಗ ದೂರ ಅತಿ ಹೆಚ್ಚು. ಅಂದರೆ ಚೈನ್ ಅತಿ ಬಿಗಿ.

ಸ್ಟ್ಯಾಂಡ್ ಮೇಲೆ ಚಕ್ರ ನೇತಾಡುವಾಗ ಆಕ್ಸಲ್ ಆ ಗೆರೆಗಿಂತ ಎಷ್ಟೋ ಕೆಳಗಿರುತ್ತದೆ. ಚೈನ್ ಲೂಸ್ ಕಾಣುತ್ತದೆ. ಕಾಣಲೇಬೇಕು. ನೀವು ಕೂತಾಗ ಸ್ವಲ್ಪ ಸಡಿಲ ಹೋಗುತ್ತದೆ. ಹಿಂದೆ ಒಬ್ಬರು ಕೂತರೆ, ಬ್ಯಾಗ್ ಕಟ್ಟಿದರೆ, ಇನ್ನಷ್ಟು. ಗುಂಡಿಗೆ ಇಳಿದಾಗ ಉಳಿದದ್ದೂ ಹೋಗುತ್ತದೆ. ಸಸ್ಪೆನ್ಷನ್ ಎಷ್ಟು ಉದ್ದ ಆಡುತ್ತದೋ ಅದಕ್ಕೆ ತಕ್ಕ ಸಡಿಲ ಮೊದಲೇ ಕೂಡಿಟ್ಟಿರಬೇಕು. ರಸ್ತೆ ಬೈಕುಗಳಿಗೆ ಸಾಮಾನ್ಯವಾಗಿ 20 ರಿಂದ 30 ಮಿಲಿಮೀಟರ್ ಹೇಳುತ್ತಾರೆ, ಎತ್ತರದ ಬೈಕುಗಳಿಗೆ 40 ರ ಆಸುಪಾಸು ಕಾಣುವುದೂ ಉಂಟು. ಕಾರಣ ಇಷ್ಟೇ. ಅಳತೆಯ ಜೊತೆ ಇನ್ನೊಂದು ಸಾಲು ಇರುತ್ತದೆ: ಸೈಡ್ ಸ್ಟ್ಯಾಂಡ್ ಮೇಲೆ ನೋಡಬೇಕೋ, ಚಕ್ರ ಎತ್ತಿ ನೋಡಬೇಕೋ ಅಂತ. ಆ ಸಾಲು ಬಿಟ್ಟು ಬರೀ ಸಂಖ್ಯೆ ಹಿಡಿದುಕೊಂಡರೆ ಅದಕ್ಕೆ ಅರ್ಥವೇ ಇಲ್ಲ.

ಸಡಿಲ ಪೂರ್ತಿ ಮುಗಿದ ಮೇಲೂ ಚಕ್ರ ಮೇಲೇರಲು ನೋಡುತ್ತದೆ. ಚೈನ್ ಬಿಡುವುದಿಲ್ಲ. ಆಗ ಆ ಎಳೆತವೆಲ್ಲ ಮುಂದಿನ ಸ್ಪ್ರಾಕೆಟ್ ಕೂತಿರುವ ಶಾಫ್ಟಿನ ಮೇಲೆ ಬೀಳುತ್ತದೆ. ಶಾಫ್ಟನ್ನು ಹಿಡಿದಿರುವುದು ಒಂದು ಬೇರಿಂಗ್, ಆಯಿಲ್ ಹೊರಗೆ ಬಾರದಂತೆ ತಡೆಯುವುದು ಒಂದು ರಬ್ಬರ್ ಸೀಲ್. ಪ್ರತಿ ಗುಂಡಿಗೂ ನಾನು ಆ ಬೇರಿಂಗನ್ನು ಹಿಂದಕ್ಕೆ ಜಗ್ಗುತ್ತಿದ್ದೆ.

ಬೈಕ್ ಹೇಳುತ್ತಲೇ ಇತ್ತು. ಹಿಂದುಗಡೆ ಒರಟಾಯಿತು, ಸಸ್ಪೆನ್ಷನ್ ಅರ್ಧಕ್ಕೇ ನಿಂತಂತೆ. ನಾನು ಟೈರ್ ಗಾಳಿ ಕಮ್ಮಿ ಮಾಡಿ ನೋಡಿದೆ. ನ್ಯೂಟ್ರಲ್‌ನಲ್ಲಿ ತಳ್ಳಿದರೆ ಭಾರ. ಬ್ರೇಕ್ ಹಿಡಿಯುತ್ತಿದೆ ಅಂದುಕೊಂಡೆ. ಮುಂದಿನ ಸ್ಪ್ರಾಕೆಟ್ ಕವರಿನ ಕೆಳಗೆ ಕಪ್ಪು ಜಿಡ್ಡು ಸೇರುತ್ತಿತ್ತು. ಚೈನ್ ಲ್ಯೂಬ್ ಸಿಡಿದದ್ದು ಅಂತ ಒರೆಸಿದೆ. ಮತ್ತೆ ಬಂತು, ಮತ್ತೆ ಒರೆಸಿದೆ. ನೆಲಕ್ಕೆ ಹನಿ ಬೀಳಲು ಶುರುವಾದ ಮೇಲೆ ಕವರ್ ಬಿಚ್ಚಿದೆ. ಚೈನ್ ಕಳಚಿ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಮೇಲೆ ಕೆಳಗೆ ಆಡಿತು. ಅದು ಆಡಬಾರದು.

ಸೀಲ್ ಅಗ್ಗದ ಸಾಮಾನು. ಬೇರಿಂಗ್ ಕೂಡ ಅಂಥ ದುಬಾರಿ ಏನಲ್ಲ. ಆದರೆ ನನ್ನ ಬೈಕಿನಲ್ಲಿ ಆ ಬೇರಿಂಗ್ ಮುಟ್ಟಬೇಕಾದರೆ ಎಂಜಿನ್ ಇಳಿಸಿ ಕ್ರ್ಯಾಂಕ್ ಕೇಸ್ (ಎಂಜಿನ್ನಿನ ಹೊರಕವಚ) ಎರಡು ಹೋಳು ಮಾಡಬೇಕು. ಗ್ಯಾಸ್ಕೆಟ್ಟುಗಳೆಲ್ಲ ಹೊಸದು, ಕೂಲಿ ಬೇರೆ. ಚೈನ್ ಸ್ಪ್ರಾಕೆಟ್ ಸೆಟ್ಟೂ ಅಷ್ಟರಲ್ಲಿ ಸವೆದಿತ್ತು. ಲೂಸ್ ಚೈನ್ ಬಡಿಯುತ್ತದೆ, ತೀರಾ ಲೂಸಾದರೆ ಹಲ್ಲಿನಿಂದ ಜಾರಲೂಬಹುದು, ಅದು ಅಪಾಯವೇ. ಆದರೆ ಅದು ಗಲಾಟೆ ಮಾಡಿ ತಿಳಿಸುತ್ತದೆ. ಬಿಗಿ ಚೈನ್ ಅಷ್ಟು ಗಲಾಟೆ ಮಾಡುವುದಿಲ್ಲ.

ಟ್ಯಾಪೆಟ್ ವಿಷಯವೂ ಹೀಗೇ, ಇಲ್ಲೇ ಹೇಳಿಬಿಡುತ್ತೇನೆ. ವಾಲ್ವ್ ಗ್ಯಾಪ್, ಅಂದರೆ ಎಂಜಿನ್ ವಾಲ್ವಿಗೂ ಅದನ್ನು ಒತ್ತುವ ಟ್ಯಾಪೆಟ್ಟಿಗೂ ನಡುವಿನ ಸಂದು, ಜಾಸ್ತಿಯಾದರೆ ಟಿಕ್ ಟಿಕ್ ಅನ್ನುತ್ತದೆ, ಎಲ್ಲರೂ ಹೆದರುತ್ತಾರೆ. ಗ್ಯಾಪ್ ಕಮ್ಮಿಯಾದರೆ ಎಂಜಿನ್ ಮೆತ್ತಗೆ ಓಡುತ್ತದೆ, ಎಲ್ಲರೂ ಹೊಗಳುತ್ತಾರೆ. ಆದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನ (ಮುಚ್ಚಿ ಕೂರುವ ಜಾಗದ) ಮೇಲೆ ಸರಿಯಾಗಿ ಕೂತಾಗಲೇ ಬಿಸಿ ಬಿಟ್ಟುಕೊಡುವುದು. ಕೂರಲು ಜಾಗ ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಸದ್ದು ನಿಂತಿತು ಅಂತ ಯಾರಾದರೂ ಬೆನ್ನು ತಟ್ಟಿದರೆ ಈಗ ನನಗೆ ಅನುಮಾನವೇ ಜಾಸ್ತಿ.

ಹಾಗಂತ ಗೆಳೆಯರನ್ನು ಬಿಡಿ ಅಂತ ಹೇಳುತ್ತಿಲ್ಲ. ಅವರನ್ನು 'ಹೇಗೆ' ಅಂತ ಕೇಳಿ, 'ಎಷ್ಟು' ಅಂತ ಕೇಳಬೇಡಿ. ಎಷ್ಟು ಸಡಿಲ, ಎಷ್ಟು ಆಯಿಲ್, ಎಷ್ಟು ಟಾರ್ಕ್ (ಬೋಲ್ಟ್ ಬಿಗಿ ಮಾಡುವ ತಿರುಚು ಬಲ), ಎಷ್ಟು ಗ್ಯಾಪ್, ಇದೆಲ್ಲ ನಿಮ್ಮ ಮಾಡೆಲ್ಲಿನ ಪುಸ್ತಕದಿಂದಲೇ ಬರಬೇಕು. ಬೈಕ್ ಜೊತೆ ಬರುವ ಓನರ್ಸ್ ಮ್ಯಾನುಯಲ್‌ನಲ್ಲಿ ಚೈನ್, ಟೈರ್ ಗಾಳಿ, ಆಯಿಲ್ ಗ್ರೇಡ್ ಸಿಗುತ್ತವೆ. ಬೋಲ್ಟುಗಳ ಟಾರ್ಕ್ ಪಟ್ಟಿ ಪೂರ್ತಿ ಇರುವುದು ಸರ್ವಿಸ್ ಮ್ಯಾನುಯಲ್‌ನಲ್ಲಿ. ನೀವು ಮೊದಲು ಕೊಳ್ಳಬೇಕಾದ ಟೂಲ್ ಅದೇ.

ನನಗೆ ನಿಜವಾಗಿ ಕೆಲಸ ಕಲಿಸಿದವರು ಗುಂಪಿನ ಇನ್ನೊಬ್ಬ ರೈಡರ್, ವಯಸ್ಸಿನಲ್ಲಿ ಹಿರಿಯರು. ಅವರು ನನ್ನ ಬೈಕಿನ ಸ್ಪ್ಯಾನರ್ ಮುಟ್ಟುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ನಾನು ತಪ್ಪು ದಿಕ್ಕಿಗೆ ತಿರುಗಿಸಿದರೆ 'ಹೂಂ?' ಅನ್ನುತ್ತಿದ್ದರು. ಮೊದಲ ಪಾಠಕ್ಕೆ ಗುಜರಿಗೆ ಹೋಗಬೇಕಿದ್ದ ಹಳೇ ಎಂಜಿನ್ ಕೇಸ್ ತಂದು, ಬೋಲ್ಟ್ ಹಾಕಿ, 'ಥ್ರೆಡ್ ಕೀಳುವವರೆಗೆ ಬಿಗಿ ಮಾಡು' ಅಂದರು. ಥ್ರೆಡ್ ಅಂದರೆ ಬೋಲ್ಟ್ ಕಚ್ಚಿ ಕೂರುವ ಸುರುಳಿ ಗೆರೆ. ಬೋಲ್ಟ್ ಉಕ್ಕು, ಕೇಸ್ ಅಲ್ಯೂಮಿನಿಯಂ. ಸೋಲುವುದು ಹೆಚ್ಚಾಗಿ ಕೇಸೇ. ಬಿಗಿ ಏರುತ್ತಾ ಏರುತ್ತಾ ಹೋಗಿ ಒಂದು ಕಡೆ ಕೈಗೆ ಬೆಣ್ಣೆ ಸಿಕ್ಕಂತೆ ಮೆತ್ತಗಾಗುತ್ತದೆ. ಅಷ್ಟೊತ್ತಿಗೆ ಕಥೆ ಮುಗಿದಿರುತ್ತದೆ. ಆ ಮೆತ್ತಗಾಗುವ ಮುಂಚಿನ ಹಂತ ಕೈಗೆ ಗೊತ್ತಾಗಲಿ ಅಂತ ಅದೇ ಕೇಸಿನ ಬೇರೆ ಬೇರೆ ತೂತುಗಳಲ್ಲಿ ಮಾಡಿಸಿದರು. ಯಾವ ವಿಡಿಯೋ ನೋಡಿದರೂ ಇದು ಬರುವುದಿಲ್ಲ.

ಅವರಿಂದ ಕಲಿತ ಇನ್ನೆರಡು. ಬೋಲ್ಟ್ ಹಾಕುವಾಗ ಮೊದಲು ಬರಿಗೈಯಲ್ಲಿ ಹಿಮ್ಮುಖವಾಗಿ ತಿರುಗಿಸಿ, ಥ್ರೆಡ್ ಟಕ್ ಅಂತ ಕೂತದ್ದು ಬೆರಳಿಗೆ ತಿಳಿದ ಮೇಲೆ ಮುಂದಕ್ಕೆ ತಿರುಗಿಸುವುದು. ಹಾಗೆ ಮಾಡಿದರೆ ಥ್ರೆಡ್ ಅಡ್ಡ ಹತ್ತುವುದಿಲ್ಲ. ಎರಡನೆಯದು ಪ್ಲಸ್ ತಲೆಯ ಸ್ಕ್ರೂಗಳು. ಜಪಾನಿ ಬೈಕುಗಳಲ್ಲಿ ಬರುವವು ಜಿಸ್ (JIS) ಅನ್ನುವ ಜಪಾನಿ ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆ ಸವೆಸುತ್ತದೆ. ಎಷ್ಟೋ ಜನ ತಮ್ಮ ಕೈ ಸರಿಯಿಲ್ಲ ಅಂದುಕೊಳ್ಳುತ್ತಾರೆ, ತಪ್ಪು ಸ್ಕ್ರೂಡ್ರೈವರಿನದು.

ಇನ್ನು ದುಡ್ಡು. ಉಳಿಯುವುದಿಲ್ಲ. ಶುರುವಿನಲ್ಲಂತೂ ಇಲ್ಲವೇ ಇಲ್ಲ, ಟೂಲುಗಳೇ ತಿಂದುಹಾಕುತ್ತವೆ. ಉಳಿತಾಯಕ್ಕೆ ಅಂತ ಹೊರಟರೆ ಹಳೇ ವಾಷರನ್ನೇ ಮತ್ತೆ ಹಾಕೋಣ, ಕಾರಿನ ಆಯಿಲ್ ಇದೆಯಲ್ಲ ಅದನ್ನೇ ಸುರಿಯೋಣ ಅನ್ನಿಸುತ್ತದೆ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲ್‌ಗಳಲ್ಲಿರುವ ಜಾರಿಸುವ ಅಂಶ ಕ್ಲಚ್ಚನ್ನೂ ಜಾರಿಸುತ್ತದೆ. ಡಬ್ಬದ ಮೇಲೆ ಇಂಥ ಕ್ಲಚ್ಚಿಗೆ ಹೊಂದುವ ಆಯಿಲ್ ಅನ್ನುವ ಗುರುತು, ಜಾಸೋ ಎಂಎ (JASO MA) ಅಥವಾ ಎಂಎ2 (MA2) ಅಂತ, ಇದೆಯಾ ನೋಡಿ ಕೊಳ್ಳಿ. ಕೆಲಸ ನೀವೇ ಮಾಡಿದರೆ ಸಿಗುವ ಲಾಭ ಬೇರೆ ಥರದ್ದು. ಚೈನ್ ಒರೆಸಲು ಕೂತಾಗ ಬ್ರೇಕ್ ಪ್ಯಾಡ್ ತೆಳ್ಳಗಾದದ್ದು ಕಾಣುತ್ತದೆ, ಟೈರಿಗೆ ಚುಚ್ಚಿದ ಮೊಳೆ ಕಾಣುತ್ತದೆ. ಬೇರೆಯವರ ಕೈಗೆ ಬೀಗದ ಕೈ ಕೊಟ್ಟು ಬಂದರೆ ಅದೆಲ್ಲ ನಿಮಗೆ ಕಾಣುವುದಿಲ್ಲ ಅಲ್ವಾ?

ಟೂಲ್ ಕಿಟ್ ಕೊಳ್ಳಬೇಡಿ. ಪೆಟ್ಟಿಗೆ ತುಂಬ ಇರುವುದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದು, ಕೆಲಸಕ್ಕೆ ಬರುವವೂ ಮೆತ್ತನೆಯ ಲೋಹದವು. ಒಂದೊಂದು ಕೆಲಸಕ್ಕೆ ಏನು ಬೇಕೋ ಅದನ್ನು ಒಳ್ಳೆಯದಾಗಿ ಕೊಳ್ಳಿ. 8, 10, 12, 14 ಮಿಲಿಮೀಟರ್ ಸಾಕೆಟ್ ಇದ್ದರೆ ತುಂಬಾ ಬೈಕುಗಳ ಅರ್ಧ ಕೆಲಸ ಆಗುತ್ತದೆ. ಟಾರ್ಕ್ ರೆಂಚ್ (ಇಟ್ಟ ಅಳತೆಯಷ್ಟೇ ಬಿಗಿ ಮಾಡುವ ಸ್ಪ್ಯಾನರ್) ಕೊಳ್ಳುವಾಗ ಕಾರಿನ ಚಕ್ರಕ್ಕೆ ಬಳಸುವ ದೊಡ್ಡದು ಬೇಡ. ಬೈಕಿನ ಚಿಕ್ಕ ಬೋಲ್ಟುಗಳು 10-12 ನ್ಯೂಟನ್ ಮೀಟರ್ ಸುತ್ತಮುತ್ತ ಇರುತ್ತವೆ, ದೊಡ್ಡ ರೆಂಚಿಗೆ ಅದು ತಿಳಿಯುವುದೇ ಇಲ್ಲ. ಅದರ ಮೇಲೆ ಯಾವ ಯೂನಿಟ್ ಇದೆ ನೋಡಿಕೊಳ್ಳಿ. ಪುಸ್ತಕ 25 ನ್ಯೂಟನ್ ಮೀಟರ್ ಅಂದದ್ದಕ್ಕೆ ಫುಟ್ ಪೌಂಡ್ ಸ್ಕೇಲಿನಲ್ಲಿ 25 ಇಟ್ಟರೆ ಅದು ಸುಮಾರು 34 ನ್ಯೂಟನ್ ಮೀಟರ್. ನಟ್ ಬಿಚ್ಚಲು ಟಾರ್ಕ್ ರೆಂಚ್ ಬಳಸಬೇಡಿ. ಆಕ್ಸಲ್ಲಿನ ದೊಡ್ಡ ಸಾಕೆಟ್, ಚೈನ್ ಕತ್ತರಿಸುವ ಟೂಲ್, ಇಂಥವು ಅಪರೂಪಕ್ಕೆ ಬೇಕಾಗುವವು. ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಿ.

ಮೊದಲ ಕೆಲಸ ಚೈನ್ ಕ್ಲೀನಿಂಗೇ ಇರಲಿ. ಎಂಜಿನ್ ಆಫ್, ಚಕ್ರ ಕೈಯಲ್ಲೇ ತಿರುಗಿಸಬೇಕು. ಸ್ಟಾರ್ಟ್ ಮಾಡಿ ಗೇರಿಗೆ ಹಾಕಿ ಬಟ್ಟೆ ಹಿಡಿಯುವುದನ್ನು ಯಾರಾದರೂ ತೋರಿಸಿದರೆ ಅವರ ಹತ್ತಿರ ಇನ್ನೇನೂ ಕಲಿಯಬೇಡಿ. ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಓ-ರಿಂಗ್ ಚೈನಿಗೆ (ಕೊಂಡಿಗಳಲ್ಲಿ ಚಿಕ್ಕ ರಬ್ಬರ್ ಉಂಗುರ ಇರುವಂಥದ್ದು) ಪೆಟ್ರೋಲ್, ತಂತಿ ಬ್ರಷ್ ಎರಡೂ ಬೇಡ. ಆಮೇಲೆ ಚಕ್ರ ನಿಧಾನವಾಗಿ ತಿರುಗಿಸುತ್ತಾ ಚೈನ್ ಅತಿ ಬಿಗಿ ಇರುವ ಜಾಗ ಹುಡುಕಿ, ಅಲ್ಲಿ ಅಳೆಯಿರಿ. ಒಂದು ಕಡೆ ಬಿಗಿ, ಒಂದು ಕಡೆ ತೀರಾ ಲೂಸ್ ಅಂದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ, ಚೈನ್ ಬದಲಿಸುವ ಕಾಲ ಬಂದಿದೆ.

ಗೆಳೆಯರು ಬೇಕಾಗುವುದು ಇದರ ನಂತರ. ಬೈಕನ್ನು ನೆಲಕ್ಕಿಳಿಸಿ, ಒಬ್ಬರು ಹಿಡಿದುಕೊಳ್ಳಲಿ, ಭಾರವಾದ ಇಬ್ಬರು ಸೀಟಿನ ಮೇಲೆ ಕೂತು ಒತ್ತಲಿ. ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ಹೊತ್ತಿಗೆ ನೀವು ಚೈನ್ ಮುಟ್ಟಿ ನೋಡಿ. ಆಗಲೂ ಸ್ವಲ್ಪ ಆಡಬೇಕು. ಆಡದಿದ್ದರೆ ಪುಸ್ತಕದ ಅಳತೆಯನ್ನೇ ಎಲ್ಲೋ ತಪ್ಪಾಗಿ ಓದಿದ್ದೀರಿ.

ಬ್ರೇಕನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಪ್ಯಾಡ್ ಬದಲಿಸಿದ ಮೇಲೆ ಲಿವರ್ ಗಟ್ಟಿಯಾಗುವವರೆಗೆ ಹಿಂಡದೆ ಬೈಕ್ ಒಂದಡಿಯೂ ಮುಂದೆ ಹೋಗಬಾರದು, ಹೊರಡುವ ಮೊದಲು ಇನ್ನೊಬ್ಬರು ಒಂದೊಂದು ಬೋಲ್ಟೂ ಮುಟ್ಟಿ ನೋಡಬೇಕು. ನಿಮ್ಮ ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇದೆಯಾ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಸಾಕೆಟ್ಟಿಗೂ ಮೊದಲು ಹಿಂದಿನ ಚಕ್ರ ಎತ್ತುವ ಪ್ಯಾಡಾಕ್ ಸ್ಟ್ಯಾಂಡ್ ತಗೊಳ್ಳಿ. ಅದರ ಮೇಲೆ ಬೈಕ್ ಏರಿಸುವುದನ್ನು ಮೊದಲ ಸಲ ಒಬ್ಬರೇ ಮಾಡಬೇಡಿ.