ಅಂಕಿತ ಕತ್ತರಿಸಿದ ವಚನ

ಓದುಗರೊಬ್ಬರ ಪತ್ರದ ಸಾರ: “ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯ ಗಾಯನ ತಂಡದಲ್ಲಿದ್ದಾಳೆ. ವಾರ್ಷಿಕೋತ್ಸವಕ್ಕೆ ಗಣಪತಿಯ ಮೇಲಿನ ಪಿಳ್ಳಾರಿ ಗೀತೆ, ಬಸವಣ್ಣನವರ ವಚನ, ಒಂದು ಕ್ರಿಸ್‌ಮಸ್ ಗೀತೆ ಕಲಿಸುತ್ತಿದ್ದಾರೆ. ಶಾಲೆ ಗುಡಿಯೂ ಅಲ್ಲ, ಚರ್ಚೂ ಅಲ್ಲ. ಭಾವಗೀತೆ, ದೇಶಭಕ್ತಿಗೀತೆ ಸಾಲದೆ? ಹಾಡಿಸಲೇಬೇಕೆಂದಿದ್ದರೆ ದೇವರ ಹೆಸರು ಬರುವ ಸಾಲನ್ನಾದರೂ ಬಿಡಬಾರದೆ?”

ನಿಮ್ಮ ಆತಂಕ ಸುಳ್ಳಲ್ಲ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿಯೇ ಹೇಳಿದೆ. ಕೇರಳದಲ್ಲಿ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ ಸುಮ್ಮನೆ ನಿಂತ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಹಾಡಲಾರೆ ಎನ್ನುವ ಮಗುವನ್ನು ಕಾರಣ ಕೆದಕದೆ ಬಿಡಬೇಕು. ವೇದಿಕೆಯಲ್ಲಿ ಮಂಗಳಾರತಿ ಬೇಡ, ಸಭಿಕರು ಎದ್ದು ಕೈಮುಗಿಯಬೇಕೆಂಬ ಒತ್ತಾಯವೂ ಬೇಡ. ಇಷ್ಟಕ್ಕೆ ನನ್ನ ಪೂರ್ಣ ಒಪ್ಪಿಗೆ.

ಆದರೆ ಸಾಲು ಬಿಡಿ ಎಂದಿರಲ್ಲ, ಅದನ್ನು ಒಪ್ಪಲಾರೆ. ನಿಮ್ಮ ಮಗಳು ಕಲಿಯುತ್ತಿರುವ ವಚನ ‘ಕಳಬೇಡ ಕೊಲಬೇಡ’ ಎಂದು ಬರೆದಿದ್ದೀರಿ. ಅದನ್ನೊಮ್ಮೆ ಬೆರಳಲ್ಲಿ ಎಣಿಸಿ ನೋಡಿ. ಏಳು ‘ಬೇಡ’, ಆಮೇಲೆ ಮೂರು ‘ಇದೇ’. ಮೊದಲನೆಯದು ಅಂತರಂಗಶುದ್ಧಿ, ಎರಡನೆಯದು ಬಹಿರಂಗಶುದ್ಧಿ, ಮೂರನೆಯದು ಕೂಡಲಸಂಗಮದೇವರನ್ನು ಒಲಿಸುವ ಪರಿ. ಮೂರನೆಯದನ್ನು ಕತ್ತರಿಸಿದರೆ ಉಳಿಯುವುದು ಗೋಡೆಯ ಮೇಲಿನ ಸುಭಾಷಿತ. ದೇವರನ್ನು ಒಲಿಸಲು ಗುಡಿ ಬೇಕಿಲ್ಲ, ಸುಳ್ಳು ಹೇಳದಿದ್ದರೆ ಸಾಕು ಎಂಬ ಮಾತು ನಿಂತಿರುವುದೇ ಆ ಕೊನೆಯ ಸಾಲಿನ ಮೇಲೆ. ನಿಮ್ಮ ವಾದವನ್ನು ನಿಮಗಿಂತ ಗಟ್ಟಿಯಾಗಿ ಹೇಳುವ ಸಾಲನ್ನೇ ನೀವು ಬಿಡಿಸಹೊರಟಿದ್ದೀರಿ! ವಚನದ ಕೊನೆಗೆ ಬರುವ ಈ ದೇವರ ಹೆಸರೇ ಅಂಕಿತ, ಅದು ಬರೆದವರ ಗುರುತೂ ಹೌದು. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಗುಹೇಶ್ವರ ಎಂದರೆ ಅಲ್ಲಮ. ಅದನ್ನು ಅಳಿಸಿದರೆ ಮಗುವಿಗೆ ಯಾರ ಮಾತೆಂದು ಹೇಳುವುದು?

ಪಿಳ್ಳಾರಿ ಗೀತೆಯ ವಿಷಯ. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಪುರಂದರದಾಸರು ಹಾಕಿಕೊಟ್ಟರೆಂದೇ ಪರಂಪರೆ ನಂಬಿದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರವೆಂಬ ಸ್ವರಾಭ್ಯಾಸ ಮುಗಿಸಿದ ಮಗುವಿಗೆ ಸಿಗುವ ಮೊದಲ ಹಾಡು ಮಲಹರಿ ರಾಗದ ‘ಶ್ರೀ ಗಣನಾಥ’. ಆರೋಹಣದಲ್ಲಿ ಗಾಂಧಾರವಿಲ್ಲ, ನಿಷಾದ ಎಲ್ಲಿಯೂ ಇಲ್ಲ, ಉಳಿದ ಸ್ವರಗಳೆಲ್ಲ ಆಗಲೇ ಗಂಟಲಿಗೆ ಕೂತವು. ಆರು ಅಕ್ಷರದ ರೂಪಕ ತಾಳ ಕೈಯಲ್ಲಿ ಬೇಗ ನಿಲ್ಲುತ್ತದೆ. ಗಣಪತಿಯ ಹೆಸರಿದೆಯೆಂದು ಇದನ್ನು ತೆಗೆದರೆ ಅದರ ಜಾಗಕ್ಕೆ ಏನು ತರುತ್ತೀರಿ? ನಮ್ಮ ಸಂಗೀತದಲ್ಲಿ ದೇವರಿಲ್ಲದ ಮೊದಲ ಮೆಟ್ಟಿಲು ಇಲ್ಲ. ದಿನವೂ ಹಾಡುವ ನಾಡಗೀತೆಯಲ್ಲೂ ರಾಘವ, ಮಧುಸೂದನರಿದ್ದಾರೆ. ‘ಹಿಂದೂ ಕ್ರೈಸ್ತ ಮುಸಲ್ಮಾನ’ ಎಂಬ ಸಾಲೂ ಅದರಲ್ಲೇ ಇದೆ.

ಈ ಹಾಡುಗಳು ಒಂದು ಮತದ ಗಡಿಯೊಳಗೆ ಕೂತವೂ ಅಲ್ಲ. 19ನೆಯ ಶತಮಾನದ ನಡುವೆ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್. ಶಿಶುನಾಳ ಷರೀಫರ ಗುರು ಗೋವಿಂದ ಭಟ್ಟರು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ರಾಜಗೀತೆಯ ಧಾಟಿಗೇ ‘ಸಂತತಂ ಪಾಹಿಮಾಂ’ ಎಂಬ ದೇವೀಸ್ತುತಿ ಹೆಣೆದರು. ಶಾಲಾ ಮಕ್ಕಳ ಸ್ಪರ್ಧೆಯಾದ ನಮ್ಮ ಪ್ರತಿಭಾ ಕಾರಂಜಿಯಲ್ಲೂ ಸಂಸ್ಕೃತ, ಅರೇಬಿಕ್ ಧಾರ್ಮಿಕ ಪಠಣವಿದೆ, ಕವ್ವಾಲಿಯೂ ಇದೆ.

ನನ್ನ ಸಿಟ್ಟು ಇರುವುದು ಬೇರೆ ಕಡೆ, ಕೆಟ್ಟದಾಗಿ ಹಾಡಿಸುವುದರ ಮೇಲೆ. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಇರುವಾಗ ಯಾರದೋ ಟ್ರ್ಯಾಕ್ ಮೊಬೈಲಿಗೆ ಇಳಿಸಿಕೊಂಡು, ಸ್ಪೀಕರ್ ಹಚ್ಚಿ, ಅದರ ಹಿಂದೆ ಮಕ್ಕಳನ್ನು ಓಡಿಸುತ್ತಾರೆ. ಗಂಡಸರ ಟ್ರ್ಯಾಕ್ ಸಾಮಾನ್ಯವಾಗಿ ಒಂದು, ಒಂದೂವರೆ ಮನೆ ಶ್ರುತಿಯಲ್ಲಿರುತ್ತದೆ (ಮನೆ ಎಂದರೆ ಆಧಾರಸ್ವರಕ್ಕೆ ಹಿಡಿಯುವ ಹಾರ್ಮೋನಿಯಂ ಕೀಲಿಯ ಸಂಖ್ಯೆ). ಅದೇ ಸ್ಥಾಯಿಯಲ್ಲಿ (‘ಸ’ದಿಂದ ಮೇಲಿನ ‘ಸ’ದವರೆಗಿನ ಹರವು) ಹಾಡಿದರೆ ಮಕ್ಕಳ ದನಿ ಹೂತುಹೋಗುತ್ತದೆ, ಒಂದು ಸ್ಥಾಯಿ ಏರಿಸಿದರೆ ಮೇಲಿನ ಸ್ವರಗಳಲ್ಲಿ ಕಿರುಚಾಟವಾಗುತ್ತದೆ. ‘ಶ್ರೀ ಗಣನಾಥ’ದ ಮೊದಲ ಆವರ್ತವೇ, ಎಂದರೆ ತಾಳದ ಮೊದಲ ಸುತ್ತೇ, ಮಧ್ಯಮದಿಂದ ಹೊರಟು ತಾರಸ್ಥಾಯಿಯ ರಿಷಭ ಮುಟ್ಟುತ್ತದೆ, ನೆನಪಿರಲಿ. ಮಕ್ಕಳ ಗುಂಪಿಗೆ ಐದೂವರೆ, ಆರು ಮನೆ ಹಿತ. ಎಂಟು, ಒಂಬತ್ತನೆಯ ತರಗತಿಯ ಹುಡುಗರ ಗಂಟಲು ಒಡೆಯುತ್ತಿರುತ್ತದೆ; ಅವರನ್ನು ಬೈದು ಪ್ರಯೋಜನವಿಲ್ಲ, ಎಟುಕುವ ಸ್ಥಾಯಿಯ ಸಾಲುಗಳನ್ನಷ್ಟೇ ಕೊಡಬೇಕು.

ಕನಿಷ್ಠ ಆರು ವಾರ ಬೇಕು. ಮೊದಲ ವಾರ ರಾಗ ಬೇಡ, ಪದ ಬಿಡಿಸಿ ಓದಿಸಿ ಅರ್ಥ ಹೇಳಬೇಕು. ವಚನಕ್ಕೆ ಪದ್ಯದ ಮಾತ್ರೆಯಿಲ್ಲ. ತಾಳದ ಏಟಿಗೆ ಹೊಂದಿಸಲು ‘ಹುಸಿಯ ನುಡಿ’ ಎಂದು ನಿಲ್ಲಿಸಿ ‘ಯಲು ಬೇಡ’ವನ್ನು ಮುಂದಿನ ಆವರ್ತಕ್ಕೆ ತಳ್ಳಿದರೆ ಕೇಳುವವರಿಗೆ ಅರ್ಥ ಉಲ್ಟಾ ಆಗುತ್ತದೆ. ಉಸಿರು ‘ಬೇಡ’ದ ನಂತರ. ಹಾರ್ಮೋನಿಯಂ ಪಾಠಕ್ಕೆ ಇರಲಿ, ವೇದಿಕೆಯಲ್ಲಿ ತಂಬೂರಿ ಸಾಕು. ಕ್ರಿಸ್‌ಮಸ್ ಗೀತೆಗೆ ಒಟ್ಟಿಗೆ ಬೇರೆ ಬೇರೆ ಸ್ವರ ಹಾಡುವ ನಾಲ್ಕು ದನಿಯ ಆಸೆ ಬೇಡ, ಎರಡು ಸಾಕು. ಅಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಅಭ್ಯಾಸವನ್ನು ಬದಿಗಿಡಬೇಕು. ಒಂದು ದನಿ ಜಾರಿದರೆ ಇನ್ನೊಂದರ ಜೊತೆ ಕಚ್ಚಿಕೊಳ್ಳುತ್ತದೆ. ಕವ್ವಾಲಿಯಲ್ಲಿ ಲಯ ಕೆಡುವುದು ಚಪ್ಪಾಳೆಯಿಂದ. ಎಲ್ಲರೂ ತಟ್ಟಿದರೆ ಓಟ ಶುರುವಾಗುತ್ತದೆ, ಇಬ್ಬರು ಮೂವರಿಗೆ ಮಾತ್ರ ಒಪ್ಪಿಸಿ.

ಇಷ್ಟು ಮಾಡಲು ಒಬ್ಬ ಸಂಗೀತ ಮೇಷ್ಟ್ರು ಬೇಕಲ್ಲವೆ? ಎಷ್ಟೋ ಶಾಲೆಗಳಲ್ಲಿ ಅವರಿಲ್ಲ. ಗಣಿತದ ಟೀಚರು, ಪಿ.ಟಿ. ಮೇಷ್ಟ್ರು ತಮ್ಮ ಕೆಲಸದ ನಡುವೆ ಹಾಡು ಕಲಿಸುತ್ತಿದ್ದಾರೆ, ಪಾಪ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನದ ಜೊತೆ ಸಂಗೀತ ಕೊಟ್ಟ ನಾಡು ಇದು. ಸರ್ಕಾರಿ ಶಾಲೆಯ ಮಗುವಿಗೆ ವಾರಕ್ಕೆ ಎರಡು ಪಿರಿಯಡ್ ಸಂಗೀತ ಕೊಡಲಾಗದೆ? ದೇವರ ಹೆಸರಿನ ಬಗ್ಗೆ ಇಷ್ಟು ನಿಷ್ಠೆಯಿಂದ ಬರೆದಿರಿ. ಈ ಖಾಲಿ ಕುರ್ಚಿಯ ಬಗ್ಗೆಯೂ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದುನಿಂತು ಕೇಳಿ. ಅಷ್ಟರಲ್ಲಿ ಮಗಳನ್ನು ಕೂರಿಸಿಕೊಂಡು ಆ ವಚನವನ್ನು ಕೊನೆಯ ಸಾಲಿನವರೆಗೆ ಹಾಡಿಸಿ, ಎಷ್ಟು ಮನೆ ಶ್ರುತಿಯಲ್ಲಿ ಹಾಡುತ್ತಿದ್ದಾಳೆಂದು ಬರೆದು ತಿಳಿಸಿ.

— ಸಂಪಾದಕ