ಊರು ಬದಲಾದರೆ ಮತ ಎಲ್ಲಿ?

ಪ್ರಶ್ನೆ: ಕೆಲಸಕ್ಕೆಂದು ಬೇರೆ ಜಿಲ್ಲೆಗೆ ಬಂದಿದ್ದೇನೆ. ವೋಟರ್ ಐಡಿ ತೋರಿಸಿ ಇಲ್ಲೇ ಮತ ಹಾಕಬಹುದೇ?

ಉತ್ತರ: ಆಗದು. ಐಡಿ ಕಾರ್ಡ್ ಬರೀ ಗುರುತಿಗೆ. ಮತ ಹಾಕುವುದು ಪಟ್ಟಿಯಲ್ಲಿ ಹೆಸರಿರುವ ಬೂತಿನಲ್ಲಿ ಮಾತ್ರ. ವಾಸಸ್ಥಳ ಬದಲಾವಣೆಗೆ ನಮೂನೆ 8 ತುಂಬಿ, ಆಧಾರ್, ಕರೆಂಟ್ ಬಿಲ್ ಅಥವಾ ನೋಂದಾಯಿತ ಬಾಡಿಗೆ ಕರಾರಿನಂಥ ಒಂದು ವಿಳಾಸ ದಾಖಲೆ ಲಗತ್ತಿಸಿ. ಬಹಳ ಮಂದಿ ಎಡವುವುದು ಇಲ್ಲೇ: ಮೊದಲ ಬಾರಿ ಹೆಸರು ಸೇರಿಸುವವರಿಗಾಗಿ ಇರುವ ನಮೂನೆ 6 ತುಂಬಿಬಿಡುತ್ತಾರೆ, ಹೆಸರು ಎರಡು ಕಡೆ ಉಳಿಯುತ್ತದೆ. ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಬೇರೆಡೆ ಹೆಸರಿಲ್ಲವೆಂದು ಸುಳ್ಳು ಘೋಷಿಸಿದರೆ ಒಂದು ವರ್ಷದವರೆಗೆ ಜೈಲಾಗಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿ ಬದಲಾಗುವುದಿಲ್ಲ. ಪರಿಶೀಲನೆಗೂ ಸಮಯ ಬೇಕು, ಹಾಗಾಗಿ ಚುನಾವಣೆ ಘೋಷಣೆಯಾಗಲೆಂದು ಕಾಯಬೇಡಿ.

ಪ್ರಶ್ನೆ: ಊರಿಗೆ ಹೋಗದೆ, ಇದ್ದಲ್ಲಿಂದಲೇ ಮತ ಹಾಕುವ ಯಂತ್ರ ಬರುತ್ತದಂತಲ್ಲ?

ಉತ್ತರ: 2023ರ ಜನವರಿಯಲ್ಲಿ ಚುನಾವಣಾ ಆಯೋಗ ಅದರ ಬಗ್ಗೆ ಪಕ್ಷಗಳ ಜತೆ ಚರ್ಚಿಸಿತ್ತು. ಜಾರಿಗೆ ಬರಬೇಕಾದರೆ ಪ್ರಜಾಪ್ರತಿನಿಧಿ ಕಾಯ್ದೆಗೂ ನಿಯಮಗಳಿಗೂ ತಿದ್ದುಪಡಿ ಬೇಕು. ಅದನ್ನು ನಂಬಿ ನಮೂನೆ 8 ಮುಂದೂಡುವುದು ಜಾಣತನವಲ್ಲ.